ಘಾಟಿಯಲ್ಲಿ ಕೈಕೊಡುವ ಹಳೇ ಕಾರು

ಮಾನ್ಯರೇ,

ನನ್ನದು 1998ರ ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಕಾರು. ಈ ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಜರ್ಕ್ ಹೊಡೆದು ಆಫ್ ಆಗತೊಡಗಿತು. ಗ್ಯಾರೇಜೊಂದರಲ್ಲಿ ಕಾರ್ಬುರೇಟರನ್ನೇ ಬದಲಿಸಿ ಎಂದರು. ನಮ್ಮೂರಿನ ಹಿರಿಯ ಮೆಕ್ಯಾನಿಕ್ ಮೊದಲು ಫಿಲ್ಟರ್ ಬಿಚ್ಚಿ, ಅದರಲ್ಲಿದ್ದ ಪೆಟ್ರೋಲನ್ನು ಬಿಳಿ ತಟ್ಟೆಗೆ ಸುರಿದರು: ತಳದಲ್ಲಿ ನೀರಿನ ಹನಿ, ಕಂದು ತುಕ್ಕಿನ ಪುಡಿ. ರಬ್ಬರ್ ಪೈಪನ್ನು ಬಗ್ಗಿಸಿದರೆ ಬಿರುಕು. ಟ್ಯಾಂಕ್ ತೊಳೆದು ಫಿಲ್ಟರ್, ಪೈಪ್ ಎರಡನ್ನೂ ಬದಲಿಸಿದ ಮೇಲೆ ಗಾಡಿ ಸರಿಹೋಯಿತು.

ಪೆಟ್ರೋಲಿಗೆ ಈಗ ಶೇ 20ರವರೆಗೆ ಬೆರೆಸುವ ಎಥೆನಾಲ್ (ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ) ನೀರು ಹೀರುತ್ತದೆ, ಹಳೇ ರಬ್ಬರನ್ನೂ ಕೆಡಿಸುತ್ತದೆ. ಶೇ 20 ಎಥೆನಾಲ್ ತಾಳುವ ಬಿಡಿಭಾಗಗಳು ಹೊಸ ಕಾರುಗಳಿಗೆಲ್ಲ ಬಂದದ್ದು 2023ರ ಏಪ್ರಿಲ್‌ನಿಂದ. ಹಳೇ ಗಾಡಿಯನ್ನೇ ನಂಬಿಕೊಂಡಿರುವ ನಮ್ಮಂಥವರಿಗೆ ಎಥೆನಾಲ್ ಕಡಿಮೆಯಿರುವ ಪೆಟ್ರೋಲ್ ಕೂಡ ಕೈಗೆಟಕುವ ದರದಲ್ಲಿ ಎಲ್ಲ ಬಂಕ್‌ಗಳಲ್ಲೂ ಸಿಗುವಂತೆ ಸರ್ಕಾರ ಮಾಡಬೇಕು.

– ನಿವೃತ್ತ ಶಿಕ್ಷಕ, ತೀರ್ಥಹಳ್ಳಿ