ಕೆಜಿಎಫ್‌ನ ವಲಸೆಯ ನೆನಪಿಗೆ ಕಿವಿಗೊಡೋಣ

ಮಾನ್ಯ ಸಂಪಾದಕರೇ,

ಕೋಲಾರ ಚಿನ್ನದ ಗಣಿಯ ಪರಂಪರೆಯ ಮಾತು ಬಂದಾಗಲೆಲ್ಲ ಬ್ರಿಟಿಷರ ಬಂಗಲೆ, ಕ್ಲಬ್ಬು ಮತ್ತು ತುಕ್ಕು ಹಿಡಿದ ಶಾಫ್ಟ್‌ಗಳನ್ನೇ ತೋರಿಸಲಾಗುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಆರಂಭಿಸಿದ ಮೇಲೆ ಉತ್ತರ ಆರ್ಕಾಟ್, ಚಿತ್ತೂರು ಸೀಮೆಗಳಿಂದ ಬಂದು, ‘ಲೈನ್’ ಎಂದು ಕರೆಯುವ ಸಾಲುಮನೆಗಳಲ್ಲಿ ತಲೆಮಾರುಗಟ್ಟಲೆ ಬಾಳಿದ ಕಾರ್ಮಿಕ ಕುಟುಂಬಗಳ, ಅದರಲ್ಲೂ ದಲಿತರ, ನೆನಪಿಗೆ ಅಲ್ಲಿ ಜಾಗ ಕಡಿಮೆ.

ಈ ನೆನಪುಗಳನ್ನು ಹಂಚಿಕೊಳ್ಳಲು ‘ಸೌಂಡ್ ವಾಕ್’ ಹೆಚ್ಚು ಒಪ್ಪುವ ಕ್ರಮವೆಂದು ನನಗನ್ನಿಸುತ್ತದೆ. ಗೊತ್ತುಪಡಿಸಿದ ಹಾದಿಯಲ್ಲಿ ಮಾತಿಲ್ಲದೆ, ಸುತ್ತಲಿನ ಸದ್ದಿಗೆ ಕಿವಿಗೊಟ್ಟು ನಡೆಯುವ ಈ ಪದ್ಧತಿಯ ಬಗ್ಗೆ 1974ರಲ್ಲೇ ಬರೆದ ಸಂಗೀತ ಸಂಯೋಜಕಿ ಹಿಲ್ಡೆಗಾರ್ಡ್ ವೆಸ್ಟರ್‌ಕ್ಯಾಂಪ್ ಸ್ವತಃ ಜರ್ಮನಿಯಿಂದ ಕೆನಡಾಕ್ಕೆ ವಲಸೆ ಹೋದವರು. ಆಯಾ ಜಾಗದಲ್ಲಿ ನಿಂತು, ಅಲ್ಲಿ ಬಾಳಿದವರ ಧ್ವನಿಮುದ್ರಿತ ಮಾತನ್ನು ಮೊಬೈಲಿನಲ್ಲಿ ಕೇಳುವ ಅನುಕೂಲವೂ ಈಗ ಇದಕ್ಕೆ ಸೇರಿದೆ.

ಗಣಿಯವರ ದಿನಚರಿಯೇ ಸದ್ದಿನ ಮೇಲೆ ನಡೆಯುತ್ತಿತ್ತು. ಪಾಳಿಗೆ ಸೈರನ್ ಕೂಗುತ್ತಿತ್ತು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಗಣಿಯಲ್ಲಿ ಒತ್ತಡಕ್ಕೆ ಸಿಕ್ಕ ಬಂಡೆ ಸಿಡಿದಾಗ (ಹಿಂದೆ ಅದನ್ನು ‘ಏರ್‌ಬ್ಲಾಸ್ಟ್’ ಎನ್ನುತ್ತಿದ್ದರು) ಮೇಲಿನ ಮನೆಗಳೂ ಅದುರುತ್ತಿದ್ದವು. ಅದೇ ಪಾಳಿಗೆ ಗಂಡನನ್ನೋ ಮಗನನ್ನೋ ಕಳಿಸಿ ಅಡುಗೆಗೆ ಕೂತ ಹೆಂಗಸಿಗೆ ಆ ಗುಡುಗು ಹೇಗೆ ಕೇಳಿಸಿತೆಂಬುದನ್ನು ಯಾವ ಮಾಹಿತಿ ಫಲಕವೂ ಹೇಳಲಾರದು. ಕೆಜಿಎಫ್‌ನ ಗಣಿ ಪ್ರದೇಶಗಳಲ್ಲೊಂದಾದ ಚಾಂಪಿಯನ್ ರೀಫ್‌ನ ಲೈನ್ ಮನೆಯ ಬಾಗಿಲಲ್ಲಿ ನಿಂತು, ಆಕೆಯ ತಮಿಳಿನಲ್ಲೋ ತೆಲುಗಿನಲ್ಲೋ ಆಕೆಯ ಬಾಯಿಂದಲೇ ಕೇಳಿದರೆ ತುಸುವಾದರೂ ತಿಳಿದೀತು. ಕನ್ನಡ ಅನುವಾದವನ್ನು ಅಚ್ಚು ಮಾಡಿಸಿ ಕೈಗೆ ಕೊಟ್ಟರೆ ಸಾಕು, ಅವರ ದನಿಯ ಮೇಲೆ ಇನ್ನೊಬ್ಬರ ದನಿ ಹೇರುವುದು ಬೇಡ. ಸ್ಟುಡಿಯೊದಲ್ಲಿ ಹೊಸೆದ ಸೈರನ್, ಹಿನ್ನೆಲೆಗೆ ಪಿಟೀಲು ಇವೂ ಬೇಡ; ನಮ್ಮ ಸಾಕ್ಷ್ಯಚಿತ್ರಗಳಿಗೆ ಆ ಚಾಳಿ ಈಗಾಗಲೇ ಸಾಕಷ್ಟಿದೆ.

ನಡಿಗೆಯನ್ನು ನಸುಕಿನಲ್ಲಿ ಮಾರಿಕುಪ್ಪಂ ನಿಲ್ದಾಣದಿಂದಲೇ ಆರಂಭಿಸಬೇಕು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿದ ಮೇಲೆ ಆ ಕುಟುಂಬಗಳ ಮಕ್ಕಳು ಹೊಟ್ಟೆಪಾಡಿಗಾಗಿ ಪ್ರತಿದಿನ ಬೆಂಗಳೂರಿಗೆ ಹೋಗಿ ಬರುತ್ತಿರುವುದು, ಗಣಿಗೆಂದೇ 1894ರಲ್ಲಿ ಹಾಕಿದ ಅದೇ ರೈಲು ಮಾರ್ಗದಲ್ಲಿ. ಅಜ್ಜಂದಿರ ವಲಸೆಯ ಜೊತೆಗೆ ಈ ಎರಡನೆಯ ವಲಸೆಯೂ ದಾಖಲಾಗಬೇಕು.

ಗಣಿಗೆ ಇಳಿದವರಿಗೆ ವಯಸ್ಸಾಗಿದೆ. ಕಲ್ಲುಪುಡಿ ಕುಡಿದ ಶ್ವಾಸಕೋಶದಿಂದ ದೀರ್ಘವಾಗಿ ಮಾತನಾಡಲಾಗದವರೂ ಇದ್ದಾರೆ. ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸ್ಥಳೀಯ ಕಾಲೇಜು ವಿದ್ಯಾರ್ಥಿಗಳಿಗೆ ತರಬೇತಿ, ಧ್ವನಿಮುದ್ರಣ ಸಲಕರಣೆ ಒದಗಿಸಿ, ಹೇಳುವವರ ಲಿಖಿತ ಒಪ್ಪಿಗೆ ಪಡೆದು, ಈ ಕೆಲಸವನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಬಂಗಾರಪೇಟೆ