ಮುಂದಿನ ಕಂತಿನ ಮ್ಯಾಚ್ ಬರೆಯುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ 🙏

ನಾವೆಲ್ಲ ಸೇರಿ ಬರೆಯುತ್ತಿರುವ ರೆಸ್ಲಿಂಗ್ ಕಥೆಯ ಮುಂದಿನ ಕಂತಿನ ಕರಡು ಶುಕ್ರವಾರ ರಾತ್ರಿಯೊಳಗೆ ಬೇಕು. ಮ್ಯಾಚ್ ಬರೆಯಲು ಒಪ್ಪಿಕೊಂಡವರು ಇದನ್ನು ಪೂರ್ತಿ ಓದಿ.

ಕಳೆದ ಕಂತಿನ ಮೊದಲ ಮ್ಯಾಚಲ್ಲೇ ಕುರ್ಚಿ, ಏಣಿ, ಟೇಬಲ್, ರಕ್ತ ಎಲ್ಲ ಖರ್ಚಾಯ್ತು. ಮುಖ್ಯ ಮ್ಯಾಚ್ ಬರುವಷ್ಟರಲ್ಲಿ ಓದುವವರಿಗೇ ಸುಸ್ತು! 1998ರಲ್ಲಿ ರೆಸ್ಲರ್ ಅಂಡರ್‌ಟೇಕರ್ ತನ್ನ ಎದುರಾಳಿ ಮ್ಯಾನ್‌ಕೈಂಡ್‌ನನ್ನು ರಿಂಗ್ ಸುತ್ತಲಿನ ಪಂಜರದ ಮೇಲಿಂದ ಎಸೆದದ್ದು ಎಲ್ಲರಿಗೂ ಗೊತ್ತು. ಆದರೆ ಮೈ ಜುಂ ಅನ್ನಿಸುವುದು ಆಮೇಲೆ, ಸ್ಟ್ರೆಚರ್‌ನಿಂದ ಎದ್ದು ಮ್ಯಾನ್‌ಕೈಂಡ್ ಮತ್ತೆ ಪಂಜರ ಹತ್ತುವಾಗ. ನಡುವಿನ ಆ ಬಿಡುವೇ ಇಲ್ಲದಿದ್ದರೆ ಬಿದ್ದದ್ದಕ್ಕೆ ಬೆಲೆಯೇ ಇರುತ್ತಿರಲಿಲ್ಲ. 2009ರ ರೆಸಲ್‌ಮೇನಿಯಾದಲ್ಲಿ (ಡಬ್ಲ್ಯೂಡಬ್ಲ್ಯೂಇ ಎಂಬ ರೆಸ್ಲಿಂಗ್ ಕಂಪನಿಯ ವರ್ಷದ ದೊಡ್ಡ ಶೋ) ಶಾನ್ ಮೈಕೇಲ್ಸ್ ಮತ್ತು ಅಂಡರ್‌ಟೇಕರ್ ಸುಮಾರು ಅರ್ಧ ಗಂಟೆ ಆಡಿದರು, ಆಯುಧದ ಹಂಗಿಲ್ಲದೆ. ಟೂಂಬ್‌ಸ್ಟೋನ್ (ಎದುರಾಳಿಯನ್ನು ತಲೆಕೆಳಗಾಗಿ ಹಿಡಿದು ಬಡಿಯುವ ಅಂಡರ್‌ಟೇಕರ್‌ನ ಪಟ್ಟು) ಹೊಡೆದ ಮೇಲೂ ಮೈಕೇಲ್ಸ್ ಸೋಲೊಪ್ಪದೆ ಭುಜ ಎತ್ತಿದಾಗ ಅಂಡರ್‌ಟೇಕರ್ ಮುಖ ನೋಡಿದ್ದೀರಲ್ಲ? ಅಂಥದ್ದು ಒಂದು ಬರೆದರೆ ಸಾಕು.

ಹಾಗಾಗಿ:
• ಒಂದು ಕಂತಿಗೆ ಒಂದೇ ಆಯುಧದ ಮ್ಯಾಚ್. ಯಾರಿಗೆ ಬೇಕೋ ಮೊದಲೇ ಹೇಳಿ.
• ತಲೆಗೆ ಕುರ್ಚಿ ಏಟು ಬೇಡ. ಡಬ್ಲ್ಯೂಡಬ್ಲ್ಯೂಇ ಕೂಡ 2010ರಲ್ಲೇ ಅದನ್ನು ನಿಲ್ಲಿಸಿದೆ.
• ದೊಡ್ಡ ಏಟು ಬಿದ್ದ ಮೇಲೆ ಎರಡು ಸಾಲಾದರೂ ಉಸಿರಾಡಲು ಬಿಡಿ. ಪ್ರೇಕ್ಷಕರು, ರೆಫರಿ, ಕಾಮೆಂಟರಿ, ಏನಾದರೂ ಸರಿ.

ರಕ್ತ ಬೇಕೇ ಬೇಕು ಅನ್ನುವವರ ಜೊತೆ ಜಗಳಕ್ಕೂ ನಾನು ರೆಡಿ 😄 ಆದರೆ ಇಲ್ಲೇ, ಬುಧವಾರದೊಳಗೆ. ಬರೆಯುವವರು ನಿಮ್ಮ ಮ್ಯಾಚ್ ಯಾವುದು ಅಂತ ಇದರ ಕೆಳಗೇ ಉತ್ತರಿಸಿ.