ಪ್ಯೂನಣ್ಣನ ಬಗ್ಗೆ ಬರೆಯುವ ಮುಂಚೆ

ಪ್ರೀತಿಯ ತಂಗಿ,

ನಿನ್ನ ಲೇಖನ ಸಿಕ್ಕಿತು. ಬದಿಯಡ್ಕದಲ್ಲಿ ಬಸ್ಸಿಗೆ ಕಾಯುತ್ತಾ ಒಮ್ಮೆ, ಮನೆಗೆ ಬಂದು ಇನ್ನೊಮ್ಮೆ ಓದಿದೆ. ಮೇ 31ಕ್ಕೆ ನಿವೃತ್ತರಾಗುವ ನಿಮ್ಮ ಶಾಲೆಯ ಪ್ಯೂನಣ್ಣನ ಬಗ್ಗೆ ಬರೆಯಬೇಕೆಂದು ನಿನಗೆ ಅನಿಸಿತಲ್ಲ, ತುಂಬ ಸಂತೋಷವಾಯಿತು. ಮಾಷ್ಟ್ರುಗಳ ಬಗ್ಗೆ ನಮ್ಮಲ್ಲಿ ಬೇಕಾದಷ್ಟು ಬರೆದಿದ್ದಾರೆ. ಅವರಿಗಿಂತ ಮೊದಲು ಬಂದು ಬಾಗಿಲು ತೆರೆದವರ ಬಗ್ಗೆ ಬರೆದದ್ದು ಕಡಿಮೆ.

ಆದರೆ ನಿನ್ನ ಮೊದಲ ಪುಟದಲ್ಲಿ ಅವರು ನನಗೆ ಕಾಣಲೇ ಇಲ್ಲ. ನಿಸ್ವಾರ್ಥ ಸೇವೆ, ಎಲೆಮರೆಯ ಕಾಯಿ, ಶಾಲೆಯ ಬೆನ್ನೆಲುಬು. ಶಾಲು ಹೊದೆಸುವ ಸಭೆಯಲ್ಲಿ ಯಾರ ಬಗ್ಗೆಯೂ ಹೇಳಬಹುದಾದ ಮಾತುಗಳಿವು. ಎರಡನೇ ಪುಟದ ಒಂದು ಸಾಲಿನಲ್ಲಿ ಮಾತ್ರ ಅವರು ಎದ್ದು ಬಂದರು: 'ಹಿಡಿಸೂಡಿಯ ಬುಡವನ್ನು ಅಂಗೈಗೆ ಕುಟ್ಟಿ ಕಡ್ಡಿಗಳನ್ನು ಸಮ ಮಾಡಿಕೊಂಡೇ ಅಂಗಳಕ್ಕೆ ಇಳಿಯುತ್ತಿದ್ದರು.' ಆ ಸದ್ದು ನನಗೆ ಕೇಳಿಸಿತು. ಅಲ್ಲಿಂದಲೇ ಶುರು ಮಾಡು.

ಅವರು ನಿವೃತ್ತರಾಗುವ ಮೊದಲು ಒಂದು ದಿನ ಬೆಳಿಗ್ಗೆ ಎಂಟಕ್ಕೇ ಶಾಲೆಗೆ ಹೋಗು. ಎಷ್ಟು ಬೀಗ, ಯಾವುದು ಮೊದಲು, ಯಾವ ಬಾಗಿಲನ್ನು ಎತ್ತಿ ತಳ್ಳಬೇಕು, ನೋಡು. ಜೂನ್ ತಿಂಗಳ ಬಗ್ಗೆ ಕೇಳು. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ನಮ್ಮಲ್ಲಿ ಒಟ್ಟಿಗೇ ಅಲ್ಲವೇ? ನಮ್ಮ ಶಾಲೆಯಲ್ಲಿ ಶೀಟಿನ ಮಾಡಿಗೆ ಮಳೆ ಬಡಿದರೆ ಗಂಟೆ ಕೇಳುತ್ತಿರಲಿಲ್ಲ. ಗುಡಿಸುವ ಅಕ್ಕ ಕೊಡೆ ಹಿಡಿದು ಕ್ಲಾಸಿನಿಂದ ಕ್ಲಾಸಿಗೆ ಹೋಗಿ ಬೆರಳೆತ್ತಿ 'ಮೂರನೇ ಪಿರಿಯಡ್' ಎಂದು ತೋರಿಸುತ್ತಿದ್ದರು. ಗಂಜಿ ಬೇಯುವ ಒಲೆಯ ಮೇಲೆ ಹಗ್ಗ ಕಟ್ಟಿ ಹಳೆಯ ಅಂಗಿ, ಚಡ್ಡಿಗಳನ್ನು ಬೆಚ್ಚಗೆ ಇಟ್ಟಿರುತ್ತಿದ್ದರು. ಒಂದನೇ ಕ್ಲಾಸಿನಲ್ಲಿ ನಾನು ನೆನೆದು ನಡುಗುತ್ತಾ ನಿಂತಾಗ ಅವರು ತೊಡಿಸಿದ ಅಂಗಿಗೆ ಹೊಗೆಯ ವಾಸನೆ ಇತ್ತು. ಈಗಲೂ ಸೌದೆ ಹೊಗೆ ಮೂಗಿಗೆ ಬಂದರೆ ನನಗೆ ಆ ಅಕ್ಕನ ಕೈಯೇ ನೆನಪಾಗುವುದು.

ಅವರು ತೀರಿಕೊಂಡ ಮೇಲೆ ಸ್ಮರಣ ಸಂಚಿಕೆಗೆ ನಾನು ಬರೆದುಕೊಟ್ಟೆ. ಆ ಅಂಗಿಯನ್ನು ಬಿಟ್ಟು 'ತ್ಯಾಗಮಯಿ' ಎಂದು ಬರೆದೆ. ಅವರ ಮಗ ಓದಿ, 'ಇದರಲ್ಲಿ ಅಮ್ಮ ಎಲ್ಲಿದ್ದಾರೆ?' ಎಂದು ಮೆಲ್ಲಗೆ ಕೇಳಿದ. ಅದಕ್ಕೇ ನಿನಗೆ ಇಷ್ಟೆಲ್ಲ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಕೊನೆಯಲ್ಲಿ ನೀನು ಪ್ಯೂನಣ್ಣನನ್ನು 'ಗಡಿನಾಡ ಕನ್ನಡದ ಕಾವಲುಗಾರ' ಮಾಡಿದ್ದೀಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮಗಿರುವ ನೋವು ನನಗೂ ಗೊತ್ತು, ಆ ನೋವು ನನ್ನದೂ ಹೌದು. ಆದರೆ ಅದರ ಭಾರವನ್ನು ಅವರ ಹೆಗಲಿಗೆ ಏರಿಸಬೇಡ. ನೀನೇ ಬರೆದಿದ್ದೀಯಲ್ಲ, ಅವರ ಮನೆಮಾತು ತುಳು, ಪೇಟೆಯಲ್ಲಿ ಮಲಯಾಳ, ನಿಮ್ಮೊಡನೆ ಕನ್ನಡ. ಕಚೇರಿಯಿಂದ ಬರುವ ಮಲಯಾಳ ಸುತ್ತೋಲೆಯನ್ನು ಹೆಡ್‌ಮಾಷ್ಟ್ರಿಗೆ ಓದಿ ಹೇಳುತ್ತಿದ್ದವರೂ ಅವರೇ. ಕನ್ನಡ ಒಂದಕ್ಷರ ತಿಳಿಯದೆ ಅಳುವ ಮಗುವಿನ ಹತ್ತಿರ ಕೂತು ತುಳುವಿನಲ್ಲಿ 'ದಾಯೆ ಬುಲಿಪುನ?', ಯಾಕೆ ಅಳುವುದು ಎಂದು ಕೇಳುತ್ತಿದ್ದರು ಎಂದು ಆವರಣ ಚಿಹ್ನೆಯೊಳಗೆ ಹಾಕಿದ್ದೀಯ. ಆವರಣ ತೆಗೆ. ಅದಕ್ಕೆ ಒಂದು ಪುಟ ಕೊಡು. ಆ ಮಗು ಆಮೇಲೆ ಏನು ಮಾಡಿತು?

ಸಂಬಳದ ವಿಷಯವನ್ನೂ ಬಿಡಬೇಡ. ಎಷ್ಟು ವರ್ಷ ದಿನಗೂಲಿ, ಯಾವಾಗ ಖಾಯಂ ಆಯಿತು, ಕೇಳು. ಹೇಳಿದರೆ ಬರೆ, ಬೇಡವೆಂದರೆ ಬಿಡು. ಸರಕಾರ 'ಪ್ಯೂನ್' ಎಂಬ ಹೆಸರು ತೆಗೆದು 'ಆಫೀಸ್ ಅಟೆಂಡೆಂಟ್' ಮಾಡಿದಾಗ ಅವರಿಗೆ ಏನನಿಸಿತು ಎಂದೂ ಕೇಳು.

ಬರೆದಾದ ಮೇಲೆ ಅಚ್ಚಿಗೆ ಕೊಡುವ ಮೊದಲು ಅವರ ಮನೆಯ ಜಗಲಿಯಲ್ಲಿ ಕೂತು ಓದಿ ಹೇಳು. ಅವರ ಹೆಂಡತಿಯೂ ಕೇಳಲಿ. ತಪ್ಪಿದ್ದಲ್ಲಿ ಅವರೇ ತಿದ್ದುತ್ತಾರೆ.

ಮತ್ತೆ, ಮೂರು ಪುಟದಲ್ಲಿ ಎಲ್ಲಿಯೂ ಅವರ ಹೆಸರಿಲ್ಲ. ಪ್ಯೂನಣ್ಣ ಎಂದೇ ಕರೆದು ಅಭ್ಯಾಸ, ನಿನಗೆ ಗೊತ್ತಿರಲಿಕ್ಕಿಲ್ಲ. ನಾಳೆಯೇ ಹೋಗಿ ಕೇಳಿಕೊಂಡು ಬಾ.

ನಿನ್ನ ಅಣ್ಣ